ಹಳೆಯ ಪಿಕಪ್ ಗಾಡಿಯು ತಡವರಿಸಿ ನಿಲ್ಲುವುದಕ್ಕೆ ಕಾರಣವನ್ನು ಕಂಡುಹಿಡಿಯುವ ಕ್ರಮ

ಭರಮಸಾಗರವು ಚಿತ್ರದುರ್ಗಕ್ಕೂ ದಾವಣಗೆರೆಗೂ ನಡುವೆ, ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಹೋಬಳಿಯ ಊರು. ಚಿತ್ರದುರ್ಗದ ಪಾಳೆಯಗಾರ ಭರಮಣ್ಣನಾಯಕನ ಹೆಸರನ್ನು ಹೊತ್ತ ದೊಡ್ಡ ಕೆರೆಯು ಅಲ್ಲಿರುವುದು. ಆ ಸುತ್ತಿನಲ್ಲಿ ಬೆಳೆಯುವ ಈರುಳ್ಳಿ, ಮೆಕ್ಕೆಜೋಳ, ಟೊಮೇಟೊ, ಹೂವು ಮೊದಲಾದುವು ಚಿತ್ರದುರ್ಗದ ಮತ್ತು ದಾವಣಗೆರೆಯ ಮಂಡಿಗಳಿಗೂ, ಧಾರಣೆಯನ್ನು ನೋಡಿಕೊಂಡು ಬೆಂಗಳೂರಿನವರೆಗೂ ಹೋಗುವುವು. ಹಿಂದೆ ಜೋಡೆತ್ತಿನ ಗಾಡಿಯು ಮಾಡುತ್ತಿದ್ದ ಸಾಗಾಣಿಕೆಯನ್ನು ಈಗ ಪಿಕಪ್ ಗಾಡಿಗಳು ವಹಿಸಿಕೊಂಡಿವೆ. 2005ರಲ್ಲಿ ಎರಡು ಸಿಲಿಂಡರುಗಳ ಟಾಟಾ ಏಸ್ ಮಾರಾಟಕ್ಕೆ ಬಂದ ತರುವಾಯ ಸಣ್ಣ ಹಿಡುವಳಿದಾರರು ಸಹ ಸ್ವಂತ ಗಾಡಿಯನ್ನಿಡುವುದು ಸಾಧ್ಯವಾಯಿತು. ಅದಕ್ಕಿಂತ ಹೆಚ್ಚು ಭಾರವನ್ನು ಹೊರುವ ಬೊಲೆರೊ ಪಿಕಪ್ಪುಗಳೂ ಹಳ್ಳಿಗಳಲ್ಲಿ ಧಾರಾಳವಾಗಿ ಉಂಟು. ಇವುಗಳಲ್ಲಿ ಅನೇಕವು ಎರಡು ಮೂರು ಲಕ್ಷ ಕಿಲೋಮೀಟರು ಓಡಿ, ಎರಡು ಮೂರು ಯಜಮಾನರ ಕೈ ದಾಟಿ ಬಂದವು.

ಇಂತಹ ಗಾಡಿಗಳಲ್ಲಿ ಬಹು ಸಾಮಾನ್ಯವಾಗಿ ಕಾಣುವ ರೋಗವೊಂದುಂಟು. ಹೊರೆ ಹೇರಿ ಏರು ಹತ್ತುವಾಗ ಅಥವಾ ಮುಂದಿನ ಗಾಡಿಯನ್ನು ದಾಟಲು ಆಕ್ಸಿಲರೇಟರನ್ನು ಒತ್ತಿದಾಗ ಇಂಜಿನ್ನು ಕ್ಷಣಕಾಲ ತಡವರಿಸುವುದು. ಎರಡು ಮೂರು ಸಲ ಜಗ್ಗುವುದು. ಕೊನೆಗೆ ಪೂರಾ ನಿಂತುಹೋಗುವುದು. ಹತ್ತು ಹದಿನೈದು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗದಿದ್ದಂತೆ ಮತ್ತೆ ಹೊರಡುವುದು. ಗಾಡಿಯು ಮೇಸ್ತ್ರಿಯ ಅಂಗಳಕ್ಕೆ ಬಂದಾಗಲಂತೂ ಸಾಧು ಹಸುವಿನಂತೆ ನಡೆದುಕೊಳ್ಳುವುದು. ಆದುದರಿಂದ ಮೇಸ್ತ್ರಿಯು ಊಹೆಯಿಂದ ಪಂಪನ್ನೋ ನಾಜಲ್ಲುಗಳನ್ನೋ ಬಿಚ್ಚುವನು. ಯಜಮಾನನು ಸಾವಿರಗಟ್ಟಲೆ ರೂಪಾಯಿ ತೆರುವನು. ಮುಂದಿನ ವಾರ ಗಾಡಿಯು ಅದೇ ಏರಿನಲ್ಲಿ ಪುನಃ ನಿಲ್ಲುವುದು. ಇಂತಹ ಗಾಡಿಗಳಲ್ಲಿ ಪಂಪು ಕೆಟ್ಟಿರುವುದಕ್ಕಿಂತ, ಪಂಪಿಗೆ ಡೀಸೆಲ್ ಸರಿಯಾಗಿ ತಲುಪದಿರುವುದೇ ಹೆಚ್ಚು. ಆದಕಾರಣ ಟ್ಯಾಂಕಿನಿಂದ ಹೊರಟು ಇಂಜಿನ್ನಿನ ಕಡೆಗೆ ಒಂದೊಂದೇ ಸ್ಥಳವನ್ನು ಪರೀಕ್ಷಿಸುತ್ತ ಬರತಕ್ಕದ್ದು. ಎತ್ತು ನಡೆಯಲೊಲ್ಲದಿದ್ದರೆ ಬೇಸಾಯಗಾರನು ಮೊದಲು ಲಾಳವನ್ನೂ ನೊಗದ ಹುಣ್ಣನ್ನೂ ನೋಡುವನಲ್ಲದೆ ಎತ್ತನ್ನೇ ಸಂತೆಗೆ ಹೊಡೆಯುವುದಿಲ್ಲ.

ಪರೀಕ್ಷೆಗೆ ಮುಂಚೆ ಅಪಾಯದ ಮಾತೊಂದನ್ನು ಚಾಲಕರಿಗೆ ತಿಳಿಸಿಕೊಡುವುದು ಅವಶ್ಯಕ. ಬ್ರೇಕಿಗೆ ಸಹಾಯ ಮಾಡುವ ನಿರ್ವಾತವನ್ನು ಇಂಜಿನ್ನೇ ಉತ್ಪತ್ತಿ ಮಾಡುವುದು. ಓಡುತ್ತಿರುವಾಗ ಇಂಜಿನ್ನು ನಿಂತರೆ ಒಂದೆರಡು ಸಲ ಒತ್ತುವಷ್ಟು ಸಹಾಯ ಮಾತ್ರ ಉಳಿದಿರುವುದು. ಆ ಬಳಿಕ ಪೆಡಲು ಕಲ್ಲಿನಂತಾಗುವುದು. ಪವರ್ ಸ್ಟಿಯರಿಂಗ್ ಇರುವ ಗಾಡಿಯಲ್ಲಿ ಚಕ್ರವೂ ಭಾರವಾಗುವುದು. ಆದುದರಿಂದ ಬ್ರೇಕನ್ನು ಪದೇಪದೇ ತುಳಿಯದೆ ಒಮ್ಮೆ ಬಲವಾಗಿ ಒತ್ತಿ ಹಿಡಿಯಬೇಕು. ಗಾಡಿಯು ಪೂರ್ತಿ ನಿಲ್ಲುವ ತನಕ ಕೀಲಿಯನ್ನು ಹೊರಕ್ಕೆ ತೆಗೆಯಬಾರದು, ತೆಗೆದರೆ ಸ್ಟಿಯರಿಂಗಿಗೆ ಬೀಗ ಬೀಳುವುದುಂಟು. ರಾತ್ರಿಯ ವೇಳೆ ಹೆದ್ದಾರಿಯಲ್ಲಿ ನಿಂತ ಗಾಡಿಗೆ ಹಿಂದಿನಿಂದ ಲಾರಿ ಬಂದು ಹೊಡೆದರೆ ಹೋಗುವುದು ಈರುಳ್ಳಿಯ ಚೀಲಗಳು ಮಾತ್ರವಲ್ಲ, ಅವುಗಳ ಮೇಲೆ ಕುಳಿತ ಆಳುಗಳ ಪ್ರಾಣವೂ ಹೌದು. ಗಾಡಿಯನ್ನು ಎಡದ ಅಂಚಿಗೆ ಸರಿಸಿ, ಹೊಳೆಯುವ ತ್ರಿಕೋನ ಫಲಕವನ್ನು ಬಹಳ ಹಿಂದಕ್ಕೆ ಇಟ್ಟು, ಜನರನ್ನೆಲ್ಲ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸತಕ್ಕದ್ದು. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033 ಎಂಬ ದೂರವಾಣಿ ಸಂಖ್ಯೆಯುಂಟು. ರೋಗವು ತಿಳಿಯುವವರೆಗೆ ಅಂತಹ ಗಾಡಿಗೆ ಜನರನ್ನು ಹತ್ತಿಸದಿರುವುದೂ ರಾತ್ರಿಯ ಬಾಡಿಗೆಯನ್ನು ಒಪ್ಪಿಕೊಳ್ಳದಿರುವುದೂ ಯಜಮಾನರ ಹೊಣೆ.

ಈಗ ಪರೀಕ್ಷೆಯ ವಿಷಯ. ಡೀಸೆಲ್ ಹೋಗುವ ದಾರಿಯನ್ನು ಕಣ್ಣಮುಂದೆ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಟ್ಯಾಂಕಿನ ತಳದ ಬಳಿಯ ಜಾಲರಿಯ ಮೂಲಕ ಡೀಸೆಲ್ ಪೈಪಿಗೆ ಬರುವುದು. ಅಲ್ಲಿಂದ ಅದನ್ನು ಸಣ್ಣ ಪಂಪೊಂದು ಹೀರಿ ಫಿಲ್ಟರಿನ ಮೂಲಕ ದೊಡ್ಡ ಪಂಪಿಗೆ ಒದಗಿಸುವುದು. ದೊಡ್ಡ ಪಂಪು ಒತ್ತಡವನ್ನೇರಿಸಿ ನಾಜಲ್ಲುಗಳಿಗೆ ಕಳುಹಿಸುವುದು. ಮಿಕ್ಕದ್ದು ಬೇರೊಂದು ಪೈಪಿನಲ್ಲಿ ಟ್ಯಾಂಕಿಗೆ ಹಿಂತಿರುಗುವುದು. ಬಾವಿಯ ಪಂಪುಸೆಟ್ಟನ್ನು ಬಲ್ಲವರಿಗೆ ಇದು ಹೊಸದಲ್ಲ. ಹೀರುವ ಪೈಪಿನಲ್ಲಿ ಸಣ್ಣ ತೂತಿದ್ದರೆ ನೀರು ಹೊರಕ್ಕೆ ಸೋರುವುದಿಲ್ಲ, ಗಾಳಿ ಒಳಕ್ಕೆ ಹೋಗುವುದು, ಪಂಪು ನೀರು ಬಿಟ್ಟುಬಿಡುವುದು. ಗಾಡಿಯಲ್ಲಿಯೂ ಹಾಗೆಯೇ. “ಎಲ್ಲಿಯೂ ಡೀಸೆಲ್ ತೊಟ್ಟಿಕ್ಕುತ್ತಿಲ್ಲ, ಪೈಪು ಸರಿಯಾಗಿದೆ” ಎಂದು ಹೇಳುವವರು ಈ ಭೇದವನ್ನು ಮರೆತಿರುತ್ತಾರೆ. ಹೀರುವ ಭಾಗದ ಬಿರುಕು ಒಣಗಿಯೇ ಇರುವುದು.

ಎಲ್ಲಕ್ಕಿಂತ ಮೊದಲು ಹೊಗೆಯನ್ನೂ ಸಮಯವನ್ನೂ ಗಮನಿಸಿ ಬರೆದಿಡಬೇಕು. ಗಾಡಿಯೊಳಗೆ ಒಂದು ಪುಸ್ತಕವನ್ನಿಟ್ಟು, ನಿಂತ ಸಲವೆಲ್ಲ ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು, ಎಷ್ಟು ದೂರ ಓಡಿತ್ತು, ಹೊರೆ ಎಷ್ಟು, ಹೊಗೆಯ ಬಣ್ಣವೇನು, ಎಷ್ಟು ಹೊತ್ತಿನ ಮೇಲೆ ಹೊರಟಿತು ಎಂಬುದನ್ನು ಚಾಲಕನಿಂದ ಬರೆಯಿಸಿದರೆ, ನಾಲ್ಕೈದು ಸಲದಲ್ಲಿಯೇ ರೋಗದ ಗುಣ ಹೊರಬೀಳುವುದು. ಕಪ್ಪು ಹೊಗೆಯು ಹೆಚ್ಚಾಗಿ ಬಂದು ಬಲ ಕುಗ್ಗಿದರೆ ಡೀಸೆಲ್ ಸಾಕಷ್ಟು ಬರುತ್ತಿದೆ, ಗಾಳಿ ಸಾಲದು ಎಂದರ್ಥ. ಬೇಸಗೆಯ ಧೂಳಿನಿಂದ ಕಟ್ಟಿಹೋದ ಏರ್ ಫಿಲ್ಟರನ್ನೂ, ಟರ್ಬೊ ಇರುವ ಗಾಡಿಯಲ್ಲಿ ಅದರ ರಬ್ಬರಿನ ಹೋಸನ್ನೂ ನೋಡಬೇಕು. ಇದರಿಂದ ಗಾಡಿಯು ಹಂದಾಡಲಾರದಂತಾಗುವುದೇ ಹೊರತು ಥಟ್ಟನೆ ನಿಲ್ಲುವುದು ಅಪರೂಪ. ಹೊಗೆಯೇ ಇಲ್ಲದೆ ಬಲ ಕುಗ್ಗಿ ನಿಂತರೆ ಡೀಸೆಲ್ ಬರುತ್ತಿಲ್ಲ. ಮತ್ತೆ ಹೊರಡುವಾಗ ಬಿಳಿಯ ಹೊಗೆಯನ್ನು ಕಾರಿ ಮಿಸ್ ಹೊಡೆಯುತ್ತ ಎದ್ದರೆ ಡೀಸೆಲಿನೊಡನೆ ಗಾಳಿ ಸೇರಿರಬಹುದೆಂದು ಶಂಕಿಸಬೇಕು.

ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಸ್ವಲ್ಪ ಡೀಸೆಲನ್ನು ಬಿಳಿಯ ಗಾಜಿನ ಸೀಸೆಗೆ ಹಿಡಿದು ಅರ್ಧ ಗಂಟೆ ಅಲುಗಿಸದೆ ಇಡತಕ್ಕದ್ದು. ನೀರು ಡೀಸೆಲಿಗಿಂತ ಭಾರವಾದುದರಿಂದ ತಳದಲ್ಲಿ ಬೇರೆಯಾಗಿ ನಿಲ್ಲುವುದು. ಪಂಪುಸೆಟ್ಟಿಗೂ ಟ್ರ್ಯಾಕ್ಟರಿಗೂ ಎಂದು ತಂದು ಬಯಲಿನಲ್ಲಿ ಇಟ್ಟ ಡ್ರಮ್ಮಿನಿಂದ ಗಾಡಿಗೆ ಸುರಿಯುವ ವಾಡಿಕೆಯಿರುವಲ್ಲಿ ಇದು ಸಾಧಾರಣವಾಗಿ ಕಾಣುವುದು. ಮುಚ್ಚಳದ ಮೇಲೆ ನಿಂತ ಮಳೆಯ ನೀರು ರಾತ್ರಿಯ ತಂಪಿಗೆ ಡ್ರಮ್ಮು ಕುಗ್ಗಿದಾಗ ಒಳಕ್ಕೆ ಹೀರಲ್ಪಡುವುದು. ನೀರು ಬಹುಕಾಲ ನಿಂತ ಟ್ಯಾಂಕಿನಲ್ಲಿ ನೀರಿಗೂ ಡೀಸೆಲಿಗೂ ನಡುವೆ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುವುದು. ಅಂತಹ ಟ್ಯಾಂಕನ್ನು ಇಳಿಸಿ ತೊಳೆಯದೆ ಎಷ್ಟು ಫಿಲ್ಟರು ಬದಲಾಯಿಸಿದರೂ ವ್ಯರ್ಥ. ಅಂಗಡಿಗಳಲ್ಲಿ ಮಾರುವ ಬಣ್ಣದ ಸೀಸೆಗಳ ಔಷಧವು ಲೋಳೆಯನ್ನಾಗಲಿ ಮಣ್ಣನ್ನಾಗಲಿ ಹೊರಕ್ಕೆ ತರಲಾರದು.

ಇನ್ನು ವಿಶ್ರಾಂತಿ ಕೊಟ್ಟರೆ ತಾನಾಗಿಯೇ ಹೊರಡುವ ಗಾಡಿ. ಮೂರು ಬೇರೆ ಬೇರೆ ದೋಷಗಳು ಇದೇ ಲಕ್ಷಣವನ್ನು ತೋರುವುದರಿಂದ ಹೆಚ್ಚಿನ ಹಣವು ಇಲ್ಲಿಯೇ ಪೋಲಾಗುವುದು. ಮೊದಲನೆಯದು, ಟ್ಯಾಂಕಿಗೆ ಗಾಳಿಯಾಡುವ ಕಿರುದಾರಿ ಮಣ್ಣಿನಿಂದ ಮುಚ್ಚಿಹೋಗಿರುವುದು. ಡೀಸೆಲ್ ಖರ್ಚಾದಂತೆಲ್ಲ ಟ್ಯಾಂಕಿನೊಳಗೆ ನಿರ್ವಾತವುಂಟಾಗಿ ಪಂಪಿಗೆ ಹೀರಲು ಶಕ್ತಿ ಸಾಲದೆ ಹೋಗುವುದು. ಗಾಡಿಯು ಪ್ರತಿ ಸಲವೂ ಸುಮಾರು ಅಷ್ಟೇ ದೂರ ಓಡಿ ನಿಲ್ಲುವುದು. ಆಗ ಮುಚ್ಚಳವನ್ನು ತಿರುಗಿಸಿದರೆ ಸುಯ್ಯೆಂಬ ಶಬ್ದದೊಡನೆ ಗಾಳಿ ಒಳನುಗ್ಗುವುದು, ಗಾಡಿಯು ಕೂಡಲೆ ಹೊರಡುವುದು. ಒಂದು ಕಾಸಿನ ಖರ್ಚೂ ಇಲ್ಲದ ಈ ಪರೀಕ್ಷೆಯನ್ನು ಮಾಡದೆ ಪಂಪು ಇಳಿಸಿದವರು ಉಂಟು. ಎರಡನೆಯದು, ಟ್ಯಾಂಕಿನ ತಳದ ಕಸ. ಹೀರುವ ರಭಸಕ್ಕೆ ಎಲೆ, ತುಕ್ಕು, ಹತ್ತಿಯ ಎಳೆ ಬಂದು ಜಾಲರಿಗೆ ಅಂಟುವುವು. ಇಂಜಿನ್ನು ನಿಂತರೆ ಕಳಚಿ ಬೀಳುವುವು. ಇದು ಟ್ಯಾಂಕು ಕಾಲುಭಾಗಕ್ಕೆ ಇಳಿದಾಗ ಹೆಚ್ಚಾಗುವುದು. ಮುಚ್ಚಳ ತೆಗೆದರೂ ಭೇದ ಕಾಣದು. ಹೀರುವ ಪೈಪನ್ನು ಕಳಚಿ ಟ್ಯಾಂಕಿನ ಕಡೆಗೆ ಗಾಳಿ ಊದಿದರೆ ಒಡನೆ ಗುಣವಾಗಿ, ಕೆಲವು ದಿನಗಳಲ್ಲಿ ಮರಳುವುದು. ಮೂರನೆಯದು ವಿದ್ಯುತ್ತಿನದು. ಇಂಜಿನ್ನಿನ ತಿರುಗುವಿಕೆಯನ್ನು ಅಳೆಯುವ ಕ್ರ್ಯಾಂಕ್ ಸೆನ್ಸರು ಹಳೆಯದಾದರೆ ಬಿಸಿಯೇರಿದಾಗ ಕೆಲಸ ನಿಲ್ಲಿಸಿ ತಣ್ಣಗಾದಾಗ ಮತ್ತೆ ನಡೆಯುವುದು. ಇದರಲ್ಲಿ ಜಗ್ಗಾಟ ಕಡಮೆ; ದೀಪ ಆರಿಸಿದಂತೆ ಇಂಜಿನ್ನು ನಿಲ್ಲುವುದು. ಮತ್ತೆ ಕೀಲಿ ತಿರುಗಿಸುವಾಗ ಸುತ್ತುಗಳನ್ನು ತೋರುವ ಮುಳ್ಳು ಅಲುಗದೆ ಸೊನ್ನೆಯಲ್ಲಿಯೇ ಇದ್ದರೆ ಸಂಶಯವು ಬಲವಾಗುವುದು. ಸೆನ್ಸರುಗಳಿಲ್ಲದ ಹಳೆಯ ಇಂಜಿನ್ನುಗಳಲ್ಲಿ ಇದರ ಸ್ಥಾನವನ್ನು ಡೀಸೆಲ್ ತಡೆಯುವ ಸೊಲೆನಾಯ್ಡಿನ ಸಡಿಲ ತಂತಿಯು ವಹಿಸುವುದು. ಗುಂಡಿಗೆ ಚಕ್ರ ಬಿದ್ದ ಕ್ಷಣದಲ್ಲಿಯೇ ಗಾಡಿ ನಿಂತರೆ ಆ ತಂತಿಯನ್ನೂ ಬ್ಯಾಟರಿಯ ಅರ್ತಿಂಗನ್ನೂ ಮೊದಲು ನೋಡತಕ್ಕದ್ದು.

ಗಾಳಿ ಸೇರುತ್ತಿದೆಯೆಂಬ ಅನುಮಾನವಿದ್ದರೆ, ಫಿಲ್ಟರಿಗೆ ಬರುವ ಪೈಪಿನ ನಡುವೆ ಡೀಸೆಲಿಗೆ ತಡೆಯುವ ಪಾರದರ್ಶಕ ಪೈಪಿನ ಗೇಣುದ್ದ ತುಂಡನ್ನು ಕ್ಲಿಪ್ಪು ಹಾಕಿ ಸೇರಿಸಿ, ಇಂಜಿನ್ನನ್ನು ನಡೆಯಿಸಿ ನೋಡಬೇಕು. ಗುಳ್ಳೆಗಳು ಎಡೆಬಿಡದೆ ಬರುತ್ತಿದ್ದರೆ ದೋಷವು ಅಲ್ಲಿಂದ ಹಿಂದೆ, ಅಂದರೆ ಟ್ಯಾಂಕಿನ ಕಡೆಗೆ ಇದೆ. ಹಳೆಯ ಬಗೆಯ ಇಂಜಿನ್ನಿನಲ್ಲಿ ಇದಕ್ಕಿಂತ ಖಚಿತವಾದ ಪರೀಕ್ಷೆಯೊಂದುಂಟು. ಶುದ್ಧವಾದ ಡೀಸೆಲ್ ತುಂಬಿದ ಐದು ಲೀಟರಿನ ಕ್ಯಾನನ್ನು ಸೈಲೆನ್ಸರಿನ ಪೈಪಿನಿಂದ ದೂರವಾಗಿ ಭದ್ರವಾಗಿ ಕಟ್ಟಿ, ಹೀರುವ ಪೈಪನ್ನೂ ಹಿಂತಿರುಗುವ ಪೈಪನ್ನೂ ಟ್ಯಾಂಕಿಗೆ ಬದಲಾಗಿ ಅದರೊಳಕ್ಕೆ ಬಿಡತಕ್ಕದ್ದು. ಹಿಂತಿರುಗುವ ಪೈಪನ್ನು ಟ್ಯಾಂಕಿನಲ್ಲಿಯೇ ಬಿಟ್ಟರೆ ಕ್ಯಾನು ಬೇಗನೆ ಬರಿದಾಗಿ ಪರೀಕ್ಷೆಯು ಸುಳ್ಳಾಗುವುದು. ಬಳಿಕ ಗಾಳಿಯನ್ನು ಹೊರಡಿಸಿ, ಗಾಡಿಯನ್ನು ಹೆದ್ದಾರಿಗೆ ಒಯ್ಯದೆ ಸ್ವಂತ ಜಮೀನಿನ ದಾರಿಯಲ್ಲಿ ಹೊರೆಯೊಡನೆ ನಡೆಯಿಸಬೇಕು. ತಡವರಿಕೆ ಮಾಯವಾದರೆ ಪಂಪಿಗೂ ನಾಜಲ್ಲುಗಳಿಗೂ ಕೈ ಹಚ್ಚುವ ಅಗತ್ಯವಿಲ್ಲ. ಟ್ಯಾಂಕು, ಜಾಲರಿ, ಪೈಪುಗಳಷ್ಟನ್ನೇ ಸರಿಪಡಿಸಿದರೆ ಸಾಕು. ತಡವರಿಕೆ ಉಳಿದರೆ ಮಾತ್ರ ಮುಂದಕ್ಕೆ ಹೋಗತಕ್ಕದ್ದು. ಟ್ಯಾಂಕಿನೊಳಗೆ ವಿದ್ಯುತ್ ಪಂಪು ಇರುವ ಗಾಡಿಗಳಿಗೆ ಈ ಉಪಾಯವು ಹೊಂದುವುದಿಲ್ಲ.

ಬಿರಿದ ಪೈಪಿಗೆ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿ ತಂತಿ ಬಿಗಿಯುವ ಪದ್ಧತಿಯನ್ನು ಕೈಬಿಡಬೇಕು. ಆ ರಬ್ಬರು ಡೀಸೆಲಿನಲ್ಲಿ ಉಬ್ಬಿ ಮೆತ್ತಗಾಗಿ, ಅದರ ಚೂರುಗಳೇ ಫಿಲ್ಟರನ್ನು ಕಟ್ಟುವುವು. ಪೈಪಿನ ಸೇರುವೆಗಳಲ್ಲಿರುವ ತಾಮ್ರದ ವಾಷರುಗಳನ್ನು ಪ್ರತಿ ಸಲ ಬಿಚ್ಚಿದಾಗಲೂ ಹೊಸದಾಗಿ ಹಾಕಿಸುವುದು ಲೇಸು. ಹಳೆಯ ವಾಷರು ಉಳಿಸಿದ ನಾಲ್ಕು ರೂಪಾಯಿಗೆ ಟೊಮೇಟೊ ಹೊರೆಯೇ ದಂಡವಾಗುವುದುಂಟು.

ಈ ಎಲ್ಲವೂ ಸರಿಯಿದ್ದು ರೋಗವು ಬಿಡದಿದ್ದರೆ ದೊಡ್ಡ ಪಂಪಿನ ಸರದಿ. ಸವೆದ ಪಂಪಿನ ಗುರುತೇನೆಂದರೆ, ಬೆಳಗಿನ ತಂಪಿನಲ್ಲಿ ಸುಲಭವಾಗಿ ಹೊರಡುವ ಗಾಡಿಯು ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಹೊರಡಲೊಲ್ಲದು. ಬಿಸಿಯಿಂದ ತೆಳುವಾದ ಡೀಸೆಲ್ ಸವೆದ ಸಂದುಗಳಲ್ಲಿ ಜಾರಿಹೋಗಿ ಒತ್ತಡವು ಏರದಿರುವುದೇ ಇದಕ್ಕೆ ಕಾರಣ. ಹಳೆಯ ಬಗೆಯ ಪಂಪಿನ ಮೇಲೆ ಒದ್ದೆ ಬಟ್ಟೆಯನ್ನು ಹಾಕಿ ತಣಿಸಿದಾಗ ಗಾಡಿಯು ಹೊರಟರೆ ಮೇಸ್ತ್ರಿಯ ಮಾತು ನಿಜವೆಂದು ತಿಳಿಯಬಹುದು. ಸೀಮೆಎಣ್ಣೆ ಬೆರೆತ ಡೀಸೆಲ್ ಈ ಸವೆತವನ್ನು ತ್ವರೆಗೊಳಿಸುವುದು, ಏಕೆಂದರೆ ಪಂಪಿನ ಒಳಭಾಗಗಳಿಗೆ ಡೀಸೆಲಿನ ಜಿಡ್ಡೇ ಎಣ್ಣೆ. ಸೀಮೆಎಣ್ಣೆಯಲ್ಲಿ ಆ ಜಿಡ್ಡು ಕಡಮೆ.

ನಾಜಲ್ಲುಗಳ ವಿಷಯದಲ್ಲಿ ಎಚ್ಚರಿಕೆಯ ಮಾತೊಂದನ್ನು ಒತ್ತಿ ಹೇಳಬೇಕಾಗಿದೆ. ಯಾವ ಸಿಲಿಂಡರು ಕೆಲಸ ಮಾಡುತ್ತಿಲ್ಲವೆಂದು ತಿಳಿಯಲು, ಇಂಜಿನ್ನು ನಡೆಯುತ್ತಿರುವಾಗಲೇ ನಾಜಲ್ಲಿನ ಪೈಪಿನ ನಟ್ಟನ್ನು ಸಡಿಲಿಸಿ ನೋಡುವುದು ಹಳೆಯ ಮೇಸ್ತ್ರಿಗಳ ಅಭ್ಯಾಸ. ಕಾಮನ್ ರೇಲ್ ಇಂಜಿನ್ನಿನಲ್ಲಿ ಇದನ್ನು ಎಂದಿಗೂ ಮಾಡಕೂಡದು. 2017ರ ಏಪ್ರಿಲಿನಲ್ಲಿ ಬಿ.ಎಸ್. 4, 2020ರ ಏಪ್ರಿಲಿನಲ್ಲಿ ಬಿ.ಎಸ್. 6 ಎಂಬ ಹೊಗೆಯ ನಿಯಮಗಳು ದೇಶದಲ್ಲೆಲ್ಲ ಜಾರಿಗೆ ಬಂದ ಮೇಲೆ ಡೀಸೆಲ್ ಪಿಕಪ್ಪುಗಳಲ್ಲಿ ಈ ಬಗೆಯ ಇಂಜಿನ್ನೇ ಬಹುಮಟ್ಟಿಗೆ ಬಳಕೆಗೆ ಬಂದಿದೆ. ಅದರಲ್ಲಿ ಡೀಸೆಲಿನ ಒತ್ತಡವು ಸಾವಿರ ಬಾರ್‌ಗಿಂತಲೂ ಮೇಲೆ ಇರುವುದು; ಲಾರಿಯ ಟೈರಿನ ಒತ್ತಡವು ಸುಮಾರು ಎಂಟು ಬಾರ್ ಎಂಬುದನ್ನು ನೆನೆದರೆ ಇದರ ಬಲವು ತಿಳಿದೀತು. ಕೂದಲೆಳೆಯಂತಹ ಚಿಲುಮೆಯು ಕೈಯ ಚರ್ಮವನ್ನು ತೂರಿ ಮಾಂಸದೊಳಕ್ಕೆ ಡೀಸೆಲನ್ನು ನುಗ್ಗಿಸುವುದು. ಗಾಯವು ಮುಳ್ಳು ಚುಚ್ಚಿದಷ್ಟೇ ಕಂಡರೂ ಕೆಲವು ಗಂಟೆಗಳಲ್ಲಿ ಬೆರಳು ಅಥವಾ ಕೈ ಕೊಳೆತುಹೋಗಬಹುದು. ಅರಿಸಿನ ಹಚ್ಚಿ ಮಲಗದೆ ಆ ಕ್ಷಣವೇ ಶಸ್ತ್ರಚಿಕಿತ್ಸೆಯುಳ್ಳ ಆಸ್ಪತ್ರೆಗೆ ಹೋಗತಕ್ಕದ್ದು. ಈ ಇಂಜಿನ್ನುಗಳಲ್ಲಿ ಸ್ಕ್ಯಾನರನ್ನು ಸೇರಿಸಿ ರೇಲಿನ ಒತ್ತಡವನ್ನು ಓದುವುದು, ನಾಜಲ್ಲುಗಳಿಂದ ಹಿಂತಿರುಗುವ ಡೀಸೆಲನ್ನು ಬೇರೆ ಬೇರೆ ಸೀಸೆಗಳಲ್ಲಿ ಹಿಡಿದು ಹೋಲಿಸುವುದು ಇವು ತಿಳಿದವರ ಕೆಲಸ. ಬೇರೆಲ್ಲಕ್ಕಿಂತ ಒಂದು ಸೀಸೆಯು ಬಹು ಬೇಗ ತುಂಬಿದರೆ ಆ ನಾಜಲ್ಲೊಂದೇ ಸವೆದಿರುವುದು. ನಾಲ್ಕನ್ನೂ ಬದಲಾಯಿಸಬೇಕೆಂಬುವರಿಂದ ಈ ಪರೀಕ್ಷೆಯ ಫಲವನ್ನು ಕೇಳಿ ನೋಡಿದ ಬಳಿಕವೇ ಹಣ ಕೊಡುವುದು ಯುಕ್ತ.

ದುರಸ್ತಿಯಾದ ಹಳೆಯ ಗಾಡಿಗೆ ಫಿಲ್ಟರಿನ ಮೇಲಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ, ಗಾಳಿಯ ತಿರುಪಿನಿಂದ ಗುಳ್ಳೆಯಿಲ್ಲದ ಡೀಸೆಲ್ ಬರುವ ತನಕ ಗಾಳಿಯನ್ನು ತೆಗೆದು ಬಿಗಿಯತಕ್ಕದ್ದು. ಅನಂತರ ಹಗಲಿನಲ್ಲಿ, ಹಿಂದೆ ನಿಲ್ಲುತ್ತಿದ್ದಷ್ಟೇ ಹೊರೆಯನ್ನು ಹೇರಿ, ಟ್ಯಾಂಕಿನಲ್ಲಿ ಅಷ್ಟೇ ಡೀಸೆಲ್ ಇಟ್ಟುಕೊಂಡು, ಅದೇ ಏರಿನಲ್ಲಿ ಎರಡು ಮೂರು ಸಲ ನಡೆಯಿಸಿ ನೋಡಿದ ತರುವಾಯ ಬೆಂಗಳೂರಿನ ರಾತ್ರಿಯ ಹೊರೆಗೆ ಅದನ್ನು ಕಳುಹಿಸಬಹುದು.