ಫ್ರಾನ್ಸಿನ ಹಳ್ಳಿಯಲ್ಲಿ ಒಂದು ವಾರ: ಎಲ್ಲಿ ಉಳಿಯಬೇಕು, ಏನು ನೋಡಬೇಕು?

ಪ್ರಶ್ನೆ: ಪ್ಯಾರಿಸ್ ಒಮ್ಮೆ ನೋಡಿದ್ದೇವೆ. ಈ ಸಲ ಮಕ್ಕಳನ್ನು ಕರೆದುಕೊಂಡು ಫ್ರಾನ್ಸಿನ ಹಳ್ಳಿಯೊಂದರಲ್ಲಿ ಒಂದು ವಾರ ಇದ್ದು ಬರುವ ಆಸೆ. ನಾವು ಸಸ್ಯಾಹಾರಿಗಳು. ಎಲ್ಲಿ ಉಳಿಯಬೇಕು? ಸುತ್ತಮುತ್ತ ಏನಿದೆ?
– ಓದುಗರೊಬ್ಬರು, ಮೈಸೂರು

ಉತ್ತರ: ನೈಋತ್ಯ ಫ್ರಾನ್ಸಿನ ದೋರ್ದೊನ್ ಸೀಮೆಗೆ ಹೋಗಿ. ಸಾರ್ಲಾ ಪಟ್ಟಣದ ಆಸುಪಾಸಿನಲ್ಲಿ ಒಂದು ಮನೆ ಹಿಡಿದು ಏಳು ರಾತ್ರಿಯೂ ಅಲ್ಲೇ ಇರಿ. ದಿನಕ್ಕೊಂದು ಊರು ಬದಲಿಸುವವರಿಗೆ ಈ ನಾಡು ದಕ್ಕುವುದಿಲ್ಲ. ನಾನು ಇಲ್ಲಿ ಹೇಳುವ ಜಾಗಗಳೆಲ್ಲ ಸಾರ್ಲಾದಿಂದ ಸುಮಾರು ಮೂವತ್ತು ಕಿಲೋಮೀಟರ್ ಒಳಗೇ ಇವೆ.

ಬಾಡಿಗೆಗೆ ಸಿಗುವ ಇಂಥ ಹಳ್ಳಿಮನೆಯನ್ನು ಅಲ್ಲಿ ‘ಜೀತ್’ ಎನ್ನುತ್ತಾರೆ. ಎರಡನೇ ಮಹಾಯುದ್ಧದ ನಂತರ ಜನ ಪಟ್ಟಣ ಸೇರಿ ಹಳ್ಳಿಗಳು ಬರಿದಾಗುತ್ತಿದ್ದವು. ಖಾಲಿ ಬಿದ್ದ ಮನೆಗಳನ್ನು ದುರಸ್ತಿ ಮಾಡಿ ರಜೆಗೆ ಬರುವ ಕುಟುಂಬಗಳಿಗೆ ಕೊಟ್ಟರೆ ರೈತರ ಕೈಗೆ ನಾಲ್ಕು ಕಾಸು ಸಿಗುತ್ತದೆ, ಊರೂ ಉಳಿಯುತ್ತದೆ ಎಂಬ ಯೋಚನೆಯಿಂದ 1951ರಲ್ಲಿ ಆಲ್ಪ್ಸ್ ಸೀಮೆಯಲ್ಲಿ ಮೊದಲ ಜೀತ್ ಶುರುವಾಯಿತು. 1955ರಲ್ಲಿ ‘ಜೀತ್ ದ ಫ್ರಾನ್ಸ್’ ಒಕ್ಕೂಟ ಹುಟ್ಟಿತು. ಅದು ಮನೆಗಳಿಗೆ ಒಂದರಿಂದ ಐದರವರೆಗೆ ಗೋಧಿ ತೆನೆಗಳ ದರ್ಜೆ ಕೊಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಹುತೇಕ ಮನೆಗಳು ಶನಿವಾರದಿಂದ ಶನಿವಾರಕ್ಕೇ ಸಿಗುವುದು. ಜೂನ್ ಅಥವಾ ಸೆಪ್ಟೆಂಬರ್ ಆದರೆ ಜನಸಂದಣಿಯೂ ಬಾಡಿಗೆಯೂ ಕಡಿಮೆ. ಹಾಸಿಗೆ ಬಟ್ಟೆ, ಶುಚಿಗೊಳಿಸುವ ಖರ್ಚು, ಪ್ರವಾಸಿ ತೆರಿಗೆ ಬಾಡಿಗೆಯಲ್ಲಿ ಸೇರಿವೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಈ ಸೀಮೆಯ ನಿಜವಾದ ಸಂಪತ್ತು ಗುಹೆಗಳು. ವೆಜೇರ್ ನದಿಯ ಕಣಿವೆಯಲ್ಲಿರುವ ಆದಿಮಾನವರ 15 ನೆಲೆಗಳು 1979ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಮೋಂತಿನ್ಯಾಕ್ ಬಳಿಯ ಲಾಸ್ಕೋ ಗುಹೆ 1940ರ ಸೆಪ್ಟೆಂಬರ್‌ನಲ್ಲಿ ಹದಿಹರೆಯದ ಹುಡುಗರ ಕಣ್ಣಿಗೆ ಬಿತ್ತು. 1948ರಲ್ಲಿ ಅದನ್ನು ಜನರಿಗೆ ತೆರೆದರು. ನೋಡಲು ಬಂದವರ ಉಸಿರಿನ ತೇವ ಮತ್ತು ಇಂಗಾಲದ ಡೈಆಕ್ಸೈಡ್‌ನಿಂದ ಗೋಡೆಗಳು ಕೆಡತೊಡಗಿ, ಪಾಚಿ ಹಬ್ಬಿ, 1963ರಲ್ಲಿ ಮುಚ್ಚಬೇಕಾಯಿತು. ಈಗ ನಾವು ನೋಡುವುದು 2016ರಲ್ಲಿ ತೆರೆದ ಪ್ರತಿಕೃತಿ ‘ಲಾಸ್ಕೋ 4’. ನಕಲೆಂದು ಅದನ್ನು ಬಿಡಬೇಡಿ. ಗೋಡೆಯ ಉಬ್ಬುತಗ್ಗುಗಳನ್ನೂ ಹಾಗೆಯೇ ಮೂಡಿಸಿದ್ದಾರೆ, ಆ ಉಬ್ಬನ್ನೇ ಪ್ರಾಣಿಯ ಬೆನ್ನಾಗಿಸಿಕೊಂಡ ಚಿತ್ರಕಾರನ ಜಾಣ್ಮೆ ಮಕ್ಕಳಿಗೂ ಕಾಣುತ್ತದೆ. ಅಸಲಿ ಚಿತ್ರಗಳನ್ನೇ ನೋಡಬೇಕೆಂದರೆ ಲೆಜೆಜಿ ಊರಿನ ಫೋಂ-ದ-ಗೋಮ್ ಗುಹೆಗೆ ಹೋಗಿ. ಬಣ್ಣದ ಕಾಡೆಮ್ಮೆಗಳು ಅಲ್ಲಿ ಇಂದಿಗೂ ಇವೆ. ದಿನಕ್ಕೆ ಕೆಲವೇ ಜನರನ್ನು ಒಳಗೆ ಬಿಡುತ್ತಾರೆ.

ಮತ್ತೊಂದು ದಿನ ದೋರ್ದೊನ್ ನದಿಗೆ. ಬಂಡೆಗೆ ಒತ್ತಿಕೊಂಡು ನಿಂತ ಲಾ ರೋಕ್ ಗಜಾಕ್‌ನ ಮನೆಗಳನ್ನು ದೋಣಿಯಿಂದಲೇ ನೋಡಬೇಕು. ಮುಂದೆ ಎರಡು ಕೋಟೆಗಳು ನದಿಯ ಎರಡು ದಡಗಳಿಂದ ಒಂದನ್ನೊಂದು ದಿಟ್ಟಿಸುತ್ತವೆ: ಬೇನಾಕ್ ಮತ್ತು ಕಾಸ್ತೆಲ್ನೋ. ಇಂಗ್ಲೆಂಡ್–ಫ್ರಾನ್ಸ್ ನೂರು ವರ್ಷಗಳ ಯುದ್ಧದಲ್ಲಿ ಇವು ಎದುರಾಳಿ ಪಕ್ಷಗಳ ಕೈಯಲ್ಲಿದ್ದವು. ಕಾಸ್ತೆಲ್ನೋದಲ್ಲಿ ಈಗ ಮಧ್ಯಯುಗದ ಯುದ್ಧಸಾಮಗ್ರಿಗಳ ಸಂಗ್ರಹಾಲಯವಿದೆ. ಕಲ್ಲೆಸೆಯುವ ದೈತ್ಯ ಯಂತ್ರಗಳ ಮುಂದಿನಿಂದ ಮಕ್ಕಳು ಕದಲುವುದಿಲ್ಲ.

ಇನ್ನು ಊಟ. ಇದು ಬಾತುಕೋಳಿಯ ನಾಡು. ಸಾರ್ಲಾದ ಹೆಸರಿನ ಆಲೂಗಡ್ಡೆ ಹುರಿದ ಖಾದ್ಯವೂ ಬಾತಿನ ಕೊಬ್ಬಿನಲ್ಲೇ ಬೇಯುತ್ತದೆ. ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹೆಚ್ಚಿನವನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಹಾಗಾಗಿ ಸ್ವಂತ ಅಡುಗೆಮನೆಯಿರುವ ಜೀತ್ ನಿಮಗೆ ಹೋಟೆಲಿಗಿಂತ ವಾಸಿ. ಬೇಳೆ, ಸಾರಿನ ಪುಡಿ ಒಯ್ಯಿರಿ; ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲವಾದ್ದರಿಂದ ತುಪ್ಪ ಬೇಡ. ಸಾರ್ಲಾದಲ್ಲಿ ಬುಧವಾರ, ಶನಿವಾರ ಸಂತೆ. ತರಕಾರಿ, ಹಣ್ಣು, ಅಕ್ರೋಟು, ಅದರ ಎಣ್ಣೆ ಅಲ್ಲೇ ಕೊಳ್ಳಿ. ಭಾನುವಾರ ಮಧ್ಯಾಹ್ನದ ಮೇಲೆ ಹಳ್ಳಿಯಂಗಡಿಗಳು ಮುಚ್ಚಿರುತ್ತವೆ, ಹಲವು ಸೋಮವಾರವೂ ತೆರೆಯುವುದಿಲ್ಲ.

ಬೋರ್ಡೊದಿಂದ ಸಾರ್ಲಾಕ್ಕೆ ರೈಲಿದೆ. ಆದರೆ ಹಳ್ಳಿಗಳ ನಡುವೆ ಓಡಾಡಲು ಕಾರು ಬೇಕೇ ಬೇಕು. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ. ಅಲ್ಲಿ ವಾಹನ ಓಡಿಸುವುದು ರಸ್ತೆಯ ಬಲಬದಿಯಲ್ಲಿ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೇ ಮೊದಲ ದಾರಿ.

ಷೆಂಗೆನ್ ವೀಸಾಕ್ಕೆ ತಂಗುವ ಜಾಗದ ದಾಖಲೆ ಮತ್ತು ಕನಿಷ್ಠ 30,000 ಯೂರೊ ವಿಮೆ ತೋರಿಸಬೇಕಾದ್ದರಿಂದ ಮನೆಯನ್ನು ಮೊದಲು ಗೊತ್ತುಮಾಡಿ, ಆಮೇಲೆ ಫೋಂ-ದ-ಗೋಮ್ ಟಿಕೆಟ್, ಆನಂತರ ಕಾರು. ಎರಡು ದಿನಗಳಿಗೆ ಮಾತ್ರ ಯಾವ ಕಾರ್ಯಕ್ರಮವನ್ನೂ ಹಾಕಿಕೊಳ್ಳಬೇಡಿ. ಹಳ್ಳಿಯಲ್ಲಿ ಇರಬೇಕೆಂಬ ನಿಮ್ಮ ಆಸೆ ನೆರವೇರುವುದು ಆ ಎರಡು ದಿನಗಳಲ್ಲೇ.