ಎಫ್ ಕೀಲಿ ಯಾಕೆ ಮಿರುಗುತ್ತದೆ? ಕೀಕ್ಯಾಪ್ ಕೊಳ್ಳುವ ಮುನ್ನ

ನುಡಿ ತಂತ್ರಾಂಶದಲ್ಲಿ ದಿನವಿಡೀ ಟೈಪ್ ಮಾಡುವವರ ಹಳೆಯ ಕೀಲಿಮಣೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಎಫ್ ಕೀಲಿ ಎಣ್ಣೆ ಸವರಿದಂತೆ ಮಿರುಗುತ್ತಿರುತ್ತದೆ. ಒತ್ತಕ್ಷರ ಬಂದಾಗಲೆಲ್ಲ ಅದನ್ನೇ ಒತ್ತಬೇಕಲ್ಲ! ಎಷ್ಟು ಉಜ್ಜಿದರೂ ಆ ಹೊಳಪು ಹೋಗದು. ಅದು ಕೊಳೆಯಲ್ಲ, ಸವೆತ. ಮೇಲ್ಮೈಯ ತರಿ ಬೆರಳ ತಿಕ್ಕಾಟಕ್ಕೆ ನುಣ್ಣಗಾಗಿದೆ.

ಹೀಗೆ ಬೇಗ ಸವೆಯುವುದು ಎಬಿಎಸ್ ಎಂಬ ಪ್ಲಾಸ್ಟಿಕ್. ಲೆಗೊ ಇಟ್ಟಿಗೆಗಳ ಪ್ಲಾಸ್ಟಿಕ್ಕೂ ಇದೇ. ಅಚ್ಚಿನಲ್ಲಿ ಸಲೀಸಾಗಿ ಕೂರುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ಬಿಸಿಲು ತಾಗುತ್ತಿದ್ದರೆ ಹಳದಿಗಟ್ಟುತ್ತದೆ. ಕೀಲಿಗಳಿಗೆ ಬಳಸುವ ಇನ್ನೊಂದು ಪ್ಲಾಸ್ಟಿಕ್ಕಾದ ಪಿಬಿಟಿ ಪಾಲಿಯೆಸ್ಟರ್ ಬಳಗದ್ದು. ಅದರ ತರಿ ವರ್ಷಗಟ್ಟಲೆ ಉಳಿಯುತ್ತದೆ. 1985ರಲ್ಲಿ ಬಂದ ಐಬಿಎಂ ಮಾಡೆಲ್ ಎಂ ಕೀಲಿಮಣೆಯ ಕೀಲಿಗಳು ಇದರವೇ. ಇದಕ್ಕೂ ಒಂದು ಕೊರತೆಯಿದೆ: ಅಚ್ಚಿನಿಂದ ಬಂದು ತಣಿಯುವಾಗ ಹೆಚ್ಚು ಕುಗ್ಗುತ್ತದೆ, ಉದ್ದನೆಯ ಸ್ಪೇಸ್‌ಬಾರ್ ಬಾಗುತ್ತದೆ. ಪಾರ್ಸೆಲ್ ಬಿಚ್ಚಿದ ಕೂಡಲೇ ಸ್ಪೇಸ್‌ಬಾರನ್ನು ಗಾಜಿನ ಮೇಲಿಟ್ಟು ತುದಿ ಒತ್ತಿ. ಅಲುಗಾಡಿದರೆ ಹಿಂದಿರುಗಿಸಿ.

ಕೈಯಲ್ಲಿರುವುದು ಯಾವುದೆಂಬ ಅನುಮಾನವೇ? ಕೀಕ್ಯಾಪ್ ಕೀಳುವ ಪುಲ್ಲರ್‌ನಿಂದ ಒಂದು ಕೀಲಿ ಕಿತ್ತುಕೊಳ್ಳಿ. ಕಾಲು ಲೀಟರ್ ನೀರಿಗೆ 40 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿ. ಕೀಲಿಯನ್ನು ನೀರೊಳಗೆ ಅದ್ದಿ, ಹೊರಳಿಸಿ, ಒಳಗಿನ ಗಾಳಿಗುಳ್ಳೆಯೆಲ್ಲ ಹೊರಡಿಸಿ ಕೈಬಿಡಿ. ಎಬಿಎಸ್ ತೇಲುತ್ತದೆ, ಪಿಬಿಟಿ ಮುಳುಗುತ್ತದೆ. ಬರೀ ನೀರಿನಲ್ಲಿ ಎರಡೂ ಮುಳುಗುವುದರಿಂದ ಉಪ್ಪು ಬೇಕೇ ಬೇಕು. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಹಚ್ಚಿ ನೋಡಲು ಹೋಗಬೇಡಿ. ಎಬಿಎಸ್ ಆಗಿದ್ದರೆ ಕರಗಿ ಅಂಟಂಟಾಗುತ್ತದೆ.

ಇನ್ನು ಅಕ್ಷರ. ಮೇಲೆ ಬರೀ ಮುದ್ರಿಸಿದ್ದು ಅಳಿಸಿಹೋಗುತ್ತದೆ. ಡಬಲ್ ಶಾಟ್‌ನಲ್ಲಿ ಅಕ್ಷರವೇ ಬೇರೆ ಬಣ್ಣದ ಪ್ಲಾಸ್ಟಿಕ್ಕು, ಕೀಲಿ ಸವೆದರೂ ಅದು ಮಾಸದು. ಆದರೆ ಅಕ್ಷರಕ್ಕೊಂದು ಅಚ್ಚು ಬೇಕು. ಕನ್ನಡದ ಕೀಲಿಗಳನ್ನು ಮಾಡಿಸುವವರಿಗೆ ನಾನು ಹೇಳುವುದು ಡೈ ಸಬ್ಲಿಮೇಶನ್. ಇದರಲ್ಲಿ ಬಣ್ಣ ಶಾಖಕ್ಕೆ ಪ್ಲಾಸ್ಟಿಕ್ಕಿನೊಳಗೇ ಇಳಿಯುತ್ತದೆ. ಆ ಶಾಖವನ್ನು ಪಿಬಿಟಿ ತಡೆಯುತ್ತದೆ, ಎಬಿಎಸ್ ಮೆತ್ತಗಾಗುತ್ತದೆ. ತಿಳಿ ಬಣ್ಣದ ಕೀಲಿಯನ್ನೇ ಆರಿಸಿ, ಕಡುಬಣ್ಣದ ಮೇಲೆ ಈ ಅಕ್ಷರ ಎದ್ದು ಕಾಣದು.

ಹೆಸರು ನೋಡಿ ಮರುಳಾಗದೆ ದಪ್ಪವನ್ನೂ ಕೇಳಿ. 1 ಮಿಲಿಮೀಟರ್‌ನ ತೆಳು ಪಿಬಿಟಿಗಿಂತ 1.5 ಮಿಲಿಮೀಟರ್‌ನ ಎಬಿಎಸ್ ಬೆರಳಿಗೆ ಹಿತ, ಸದ್ದೂ ಗಂಭೀರ. ಹಣ ಕೊಡುವ ಮೊದಲು ನಿಮ್ಮ ಕೀಲಿಮಣೆಯ ಒಂದು ಕೀಲಿ ಕಿತ್ತು ನೋಡಿ. ಕೆಳಗಿನ ಸ್ವಿಚ್ಚಿನಲ್ಲಿ ಪ್ಲಸ್ ಆಕಾರದ ಕಡ್ಡಿ ಇದ್ದರೆ ಮಾತ್ರ ಮಾರುಕಟ್ಟೆಯ ಹೆಚ್ಚಿನ ಕೀಕ್ಯಾಪ್ ಸೆಟ್‌ಗಳು ಕೂರುತ್ತವೆ. ಲ್ಯಾಪ್‌ಟಾಪಿಗೆ ಇವು ಆಗವು. ತೊಳೆಯಲು ಉಗುರುಬೆಚ್ಚಗಿನ ಸೋಪುನೀರು ಸಾಕು. ಇಡೀ ರಾತ್ರಿ ಒಣಗಿಸಿ, ಕಡ್ಡಿ ಕೂರುವ ತೂತಿನಲ್ಲಿ ಹನಿ ಉಳಿದಿಲ್ಲವೆಂದು ನೋಡಿಕೊಂಡೇ ಜೋಡಿಸಿ.