ಗಾಳಿ ತಡೆದರೆ ಉಪಗ್ರಹದ ವೇಗ ಹೆಚ್ಚುತ್ತದೆ!



ಸೈಕಲ್ ತುಳಿಯುವಾಗ ಎದುರುಗಾಳಿ ಬಂದರೆ ವೇಗ ಕಡಿಮೆಯಾಗುತ್ತೆ. ಆದರೆ ಭೂಮಿಯನ್ನು ಸುತ್ತುವ ಕೃತಕ ಉಪಗ್ರಹವನ್ನು ಗಾಳಿ ತಡೆದರೆ ಅದರ ವೇಗ ಹೆಚ್ಚುತ್ತದೆ. ಹೀಗೆ ಹೇಳಿದ್ದಕ್ಕೆ ನಮ್ಮ ತರಗತಿಯಲ್ಲಿ ಅರ್ಧ ಜನ ನಕ್ಕರು. ಅದಕ್ಕೇ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟವನ್ನೇ ತಗೊಳ್ಳೋಣ. ಬೆಂಗಳೂರಿನ ಪೀಣ್ಯದಲ್ಲಿ ತಯಾರಾದ ಇದರ ತೂಕ 360 ಕಿಲೋ. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದಿಂದ ಹಾರಿಸಿದರು. (ಹಳೆಯ 2 ರೂಪಾಯಿ ನೋಟಿನ ಹಿಂಬದಿ ಇದರ ಚಿತ್ರವಿದೆ, ಮನೆಯಲ್ಲಿದ್ದರೆ ನೋಡಿ.) ಇದು ಸುಮಾರು 600 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿತ್ತು. ಅಷ್ಟು ಮೇಲೆ ಗಾಳಿ ಎಲ್ಲಿದೆ ಅನ್ನಬೇಡಿ. ಇದೆ, ಆದರೆ ಬಹಳ ತೆಳು. ಆ ತೆಳುಗಾಳಿಯೇ ದಿನಾ ಒಂಚೂರು ತಿಕ್ಕಿ ಉಪಗ್ರಹದ ಶಕ್ತಿಯನ್ನು ಕಳೆಯುತ್ತದೆ.

ಉಪಗ್ರಹದ ಹತ್ತಿರ ಎರಡು ಗಂಟು ಇವೆ. ಓಡುವುದರಿಂದ ಇರುವುದು ಚಲನಶಕ್ತಿ, ಎತ್ತರದಲ್ಲಿರುವುದರಿಂದ ಇರುವುದು ಪ್ರಚ್ಛನ್ನಶಕ್ತಿ. ಗಾಳಿ ತಡೆದಾಗ ಉಪಗ್ರಹ ಸ್ವಲ್ಪ ಕೆಳಕ್ಕೆ ಜಾರುತ್ತೆ. ಅಂದರೆ ಅದರ ದಾರಿ ಸಣ್ಣ ಇಳಿಜಾರಾಯಿತು. ಇಳಿಜಾರಿನಲ್ಲಿ ಭೂಮಿಯ ಗುರುತ್ವಾಕರ್ಷಣೆ ಅದನ್ನು ಮುಂದಕ್ಕೂ ಎಳೆಯುತ್ತೆ. ದುಂಡನೆಯ ಕಕ್ಷೆಯಲ್ಲಿ ಈ ಎಳೆತ ಗಾಳಿಯ ತಡೆಗಿಂತ ಎರಡರಷ್ಟು!

ದುಡ್ಡಿನ ಲೆಕ್ಕದಲ್ಲಿ ಹೇಳಿದರೆ, ಎತ್ತರದ ಗಂಟಿನಿಂದ 2 ರೂಪಾಯಿ ಖರ್ಚಾಯಿತು. ಅದರಲ್ಲಿ 1 ರೂಪಾಯಿ ಓಟದ ಗಂಟಿಗೆ ಸೇರಿತು, ಇನ್ನೊಂದು ಶಾಖವಾಗಿ ಹೋಯಿತು. ಒಟ್ಟು ಶಕ್ತಿ ಕಡಿಮೆಯಾಯಿತು, ವೇಗ ಮಾತ್ರ ಜಾಸ್ತಿಯಾಯಿತು. 600 ಕಿ.ಮೀ. ಎತ್ತರದಲ್ಲಿ ವೇಗ ಸೆಕೆಂಡಿಗೆ ಸುಮಾರು 7.56 ಕಿ.ಮೀ. 200 ಕಿ.ಮೀ.ಗೆ ಇಳಿದಾಗ 7.78 ಕಿ.ಮೀ. ಸುತ್ತುವ ದಾರಿಯೂ ಚಿಕ್ಕದಾಗುವುದರಿಂದ ಒಂದು ಸುತ್ತು ಸುಮಾರು 8 ನಿಮಿಷ ಬೇಗ ಮುಗಿಯುತ್ತೆ.

ಹಾಗಾದರೆ ಕೊನೆಗೆ ಯಾಕೆ ಬೀಳುತ್ತೆ? ಕೆಳಗಿಳಿದಷ್ಟೂ ಗಾಳಿ ದಟ್ಟ, ತಡೆಯೂ ಜಾಸ್ತಿ. ಸುಮಾರು 100 ಕಿ.ಮೀ. ಹತ್ತಿರ ಬಂದ ಮೇಲೆ ಸೈಕಲ್ಲಿನ ಲೆಕ್ಕವೇ ನಡೆಯುತ್ತೆ. ವೇಗ ಬಿದ್ದುಹೋಗಿ, ಅಷ್ಟೂ ಶಕ್ತಿ ಶಾಖವಾಗಿ ಉಪಗ್ರಹ ಉರಿಯುತ್ತೆ. ಆರ್ಯಭಟಕ್ಕೆ ಹೀಗಾದದ್ದು 1992ರಲ್ಲಿ, ಹೆಚ್ಚುಕಡಿಮೆ 17 ವರ್ಷದ ಮೇಲೆ.

ಅಮೆರಿಕದ ಸ್ಕೈಲ್ಯಾಬ್‌ಗೆ ಅಷ್ಟು ಆಯಸ್ಸು ಇರಲಿಲ್ಲ. 1973ರಲ್ಲಿ ಹೋದದ್ದು 1979ರ ಜುಲೈ 11ಕ್ಕೆ ಬಿತ್ತು. ಸೂರ್ಯನ ಚಟುವಟಿಕೆ ಹೆಚ್ಚಾಗಿ, ಮೇಲಿನ ಗಾಳಿ ಕಾದು ಉಬ್ಬಿ, ತಡೆ ಜಾಸ್ತಿಯಾಗಿತ್ತು. ನಮ್ಮ ತಲೆ ಮೇಲೇ ಬೀಳುತ್ತೆ ಅಂತ ಊರವರೆಲ್ಲ ಹೆದರಿದ್ದರಂತೆ, ನಮ್ಮಜ್ಜಿ ಹೇಳುತ್ತಾರೆ. ಬಿದ್ದದ್ದು ಹಿಂದೂ ಮಹಾಸಾಗರದಲ್ಲಿ, ಒಂದಷ್ಟು ಚೂರು ಪಶ್ಚಿಮ ಆಸ್ಟ್ರೇಲಿಯದಲ್ಲಿ.